ಮೂರ್ಛೆ ರೋಗ: ನಮ್ಮ ಹಳ್ಳಿಗಳಲ್ಲಿ ಎಷ್ಟು, ಏಕೆ?



ಕಳೆದ ಶೈಕ್ಷಣಿಕ ವರ್ಷದ ಒಂದು ಬೆಳಿಗ್ಗೆ ನಮ್ಮ ಶಾಲೆಯ ಅಸೆಂಬ್ಲಿಯಲ್ಲಿ ನಡೆದ ಘಟನೆ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಐದನೆಯ ತರಗತಿಯ ಸಾಲಿನಲ್ಲಿ ನಿಂತಿದ್ದ ಹುಡುಗನೊಬ್ಬ ಇದ್ದಕ್ಕಿದ್ದಂತೆ ಕೆಳಗೆ ಬಿದ್ದ. ಕೈಕಾಲು ಸೆಟೆದು ಅದುರತೊಡಗಿದವು. ಬಾಯಲ್ಲಿ ನೊರೆ ಬಂತು. ಮಕ್ಕಳು ಚೀರಿದರು. ಯಾರೋ ಓಡಿಬಂದು ಬೀಗದ ಕೈಗೊಂಚಲನ್ನು ಅವನ ಅಂಗೈಗೆ ಒತ್ತಿದರು. ಮತ್ತೊಬ್ಬರು ನೀರು ತಂದರು. ಅಷ್ಟರಲ್ಲಿ ಶಾಲೆಯ ನರ್ಸ್ ಬಂದು ಎಲ್ಲರನ್ನೂ ದೂರ ಸರಿಸಿದರು. ಹುಡುಗನನ್ನು ಎಡಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ತಮ್ಮ ಕೋಟು ಮಡಚಿಟ್ಟು, ಗಡಿಯಾರ ನೋಡುತ್ತಾ ಸುಮ್ಮನೆ ಪಕ್ಕದಲ್ಲಿ ಕುಳಿತರು. ಎರಡು ಮೂರು ನಿಮಿಷಗಳಲ್ಲಿ ಎಲ್ಲವೂ ನಿಂತಿತು. ಮಾರನೆಯ ದಿನವೇ ಹುಡುಗ ಶಾಲೆಗೆ ಬಂದ.

ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. "ಇದು ಅಂಟುತ್ತದೆಯೇ?" "ನಮ್ಮ ಮಗಳನ್ನು ಬೇರೆ ಬೆಂಚಿನಲ್ಲಿ ಕೂರಿಸುತ್ತೀರಾ?" ಎಂದು ಕೆಲವು ಪೋಷಕರು ನಮ್ಮನ್ನು ಕೇಳಿದರು. ಆ ಹುಡುಗನಿಗೆ ಮೂರು ವರ್ಷಗಳಿಂದ ಈ ತೊಂದರೆ ಇದೆ, ಶಾಲೆಯವರು ಸೇರಿಸಿಕೊಳ್ಳಲಾರರೆಂಬ ಹೆದರಿಕೆಯಿಂದ ಮನೆಯವರು ಪ್ರವೇಶದ ಅರ್ಜಿಯಲ್ಲಿ ಬರೆದಿರಲಿಲ್ಲ ಎಂಬುದೂ ಆಗ ತಿಳಿಯಿತು.

ಅದೇ ವಾರ ಪೋಷಕರ ಸಭೆ ಮುಗಿದ ಮೇಲೆ ಹಾಸನದ ಕಡೆಯ ತಾಯಿಯೊಬ್ಬರು ಎಲ್ಲರೂ ಹೋಗುವ ತನಕ ಕಾದು ನಿಂತರು. "ಮಿಸ್, ಊರಲ್ಲಿ ನಮ್ಮ ನಾದಿನಿಗೂ ಹೀಗೇ ಬರುತ್ತೆ. ಎಂಟನೇ ಕ್ಲಾಸಿನಿಂದ. ನಮ್ಮ ಕಡೆ ಅದಕ್ಕೆ ಗಾಳಿ ಅಂತಾರೆ. ತಾಯತ ಕಟ್ಟಿಸಿದ್ದಾರೆ, ಹರಕೆ ಹೊತ್ತಿದ್ದಾರೆ. ಆಸ್ಪತ್ರೆಗೆ ಹೋದರೆ ಊರಿಗೆಲ್ಲ ಗೊತ್ತಾಗುತ್ತೆ, ಆಮೇಲೆ ಹುಡುಗಿಗೆ ಯಾರು ಗಂಡು ಕೊಡ್ತಾರೆ ಅಂತ ಅತ್ತೆ ಬಿಡೋದಿಲ್ಲ. ಅದೂ ಇದೂ ಒಂದೇ ಕಾಯಿಲೇನಾ?" ಎಂದು ಕೇಳಿದರು.

ಹೌದು, ಒಂದೇ ಕಾಯಿಲೆ. ಆ ತಾಯಿಯ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಬೇಕೆಂದು ನಾವು ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಬೇಸಿಗೆ ರಜೆಗೆ ಊರಿಗೆ ಹೊರಡುವ ಮೊದಲು ದಯವಿಟ್ಟು ಎಲ್ಲರೂ ಒಮ್ಮೆ ಓದಿ.

ಮೂರ್ಛೆ ರೋಗ ಎಂದರೇನು?

ನಮ್ಮ ಮಿದುಳಿನಲ್ಲಿ ಕೋಟ್ಯಂತರ ನರಕೋಶಗಳಿವೆ. ಅವು ಪರಸ್ಪರ ಮಾತನಾಡುವುದು ಅತಿ ಸಣ್ಣ ವಿದ್ಯುತ್ ಸಂಕೇತಗಳ ಮೂಲಕ. ಕೆಲವೊಮ್ಮೆ ಒಂದು ಗುಂಪು ಕೋಶಗಳು ಅಂಕೆ ಮೀರಿ ಒಟ್ಟಿಗೇ ಸಂಕೇತ ಹೊರಡಿಸಿಬಿಡುತ್ತವೆ. ಆಗ ಆಗುವುದೇ ಸೆಳವು ಅಥವಾ ಫಿಟ್ಸ್. ಪ್ರಚೋದನೆಯೇನೂ ಇಲ್ಲದೆ ಇಂತಹ ಸೆಳವು ಒಂದು ದಿನಕ್ಕಿಂತ ಹೆಚ್ಚು ಅಂತರದಲ್ಲಿ ಎರಡು ಸಲವಾದರೂ ಬಂದಿದ್ದರೆ ಅದನ್ನು ಸಾಮಾನ್ಯವಾಗಿ ಮೂರ್ಛೆ ರೋಗ ಎನ್ನುತ್ತಾರೆ. ಅಪಸ್ಮಾರ, ಮಲರೋಗ ಎಂಬ ಹೆಸರುಗಳೂ ಇದಕ್ಕಿವೆ. ಚಿಕ್ಕ ಮಕ್ಕಳಿಗೆ ಜ್ವರ ಏರಿದಾಗ ಬರುವ ಸೆಳವು ಬೇರೆ. ಅದು ಬಂದ ಮಕ್ಕಳೆಲ್ಲ ಮೂರ್ಛೆ ರೋಗಿಗಳಲ್ಲ.

ಎಲ್ಲ ಸೆಳವುಗಳೂ ಬಿದ್ದು ಒದ್ದಾಡುವ ರೀತಿಯವೂ ಅಲ್ಲ. ಒಂದು ಕೈ ಮಾತ್ರ ಅದುರಬಹುದು. ಕೆಲವರು ಅರೆಪ್ರಜ್ಞೆಯಲ್ಲಿ ಬಾಯಿ ಚಪ್ಪರಿಸುತ್ತಾ ಅಂಗಿಯ ಗುಂಡಿ ಎಳೆಯುತ್ತಾ ಕೂರಬಹುದು. ಕೆಲವು ಮಕ್ಕಳು ಪಾಠದ ನಡುವೆ ಹತ್ತು ಹದಿನೈದು ಸೆಕೆಂಡು ಕಣ್ಣು ನೆಟ್ಟು ನಿಂತುಬಿಟ್ಟು, ಮತ್ತೆ ಏನೂ ಆಗದವರಂತೆ ಬರೆಯತೊಡಗುತ್ತಾರೆ. ಉಕ್ತಲೇಖನ ಕೊಡುವಾಗ ನಡುವೆ ಎರಡು ಪದ ಬಿಟ್ಟುಹೋಗಿರುತ್ತವೆ. "ಎಲ್ಲಿದೆ ನಿನ್ನ ಗಮನ?" ಎಂದು ಗದರುವ ನಮ್ಮಂತಹ ಶಿಕ್ಷಕರು ಇದನ್ನು ಮೊದಲು ಕಲಿಯಬೇಕು. ದಿನಕ್ಕೆ ಹಲವು ಬಾರಿ ಹೀಗಾದರೆ ಅದು ಅಲಕ್ಷ್ಯವಲ್ಲ, ಸೆಳವೂ ಆಗಿರಬಹುದು.

ಹಳ್ಳಿಯಲ್ಲಿ ಎಷ್ಟು ಜನಕ್ಕೆ?

ಈ ರೋಗ ಅಪರೂಪದ್ದೆಂದು ನಾವು ತಿಳಿದಿದ್ದೆವು. ನಮ್ಮ ತಿಳಿವಳಿಕೆ ತಪ್ಪಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆ ರೋಗವಿದೆ. ಅವರಲ್ಲಿ ಸುಮಾರು ಶೇ. 80 ಮಂದಿ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿದ್ದಾರೆ. ಭಾರತವೊಂದರಲ್ಲೇ ಒಂದು ಕೋಟಿಗೂ ಹೆಚ್ಚು ಜನರಿಗೆ ಇದು ಇದೆಯೆಂದು ವೈದ್ಯ ಸಂಶೋಧಕರು ಅಂದಾಜು ಮಾಡಿದ್ದಾರೆ.

ನಮ್ಮ ಕರ್ನಾಟಕದ ಲೆಕ್ಕವೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಎಂ. ಗೌರಿದೇವಿ, ಡಾ. ಜಿ. ಗುರುರಾಜ್, ಡಾ. ಪಿ. ಸತೀಶ್ಚಂದ್ರ ಮತ್ತು ಅವರ ಸಂಗಡಿಗರು ಬೆಂಗಳೂರು ನಗರದಲ್ಲೂ ಹಳ್ಳಿಗಳಲ್ಲೂ ಮನೆಮನೆಗೆ ತಂಡ ಕಳುಹಿಸಿ ನರರೋಗಗಳ ಸಮೀಕ್ಷೆ ನಡೆಸಿದರು. ಒಟ್ಟು 1,02,557 ಜನರ ಆ ಸಮೀಕ್ಷೆಯ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಒಟ್ಟಾರೆ ಸಾವಿರ ಜನರಲ್ಲಿ 8.8 ಮಂದಿಗೆ ಮೂರ್ಛೆ ರೋಗವಿತ್ತು. ನಗರದವರನ್ನು ಮಾತ್ರ ತೆಗೆದುಕೊಂಡರೆ ಸಾವಿರಕ್ಕೆ 5.7, ಹಳ್ಳಿಯವರನ್ನು ಮಾತ್ರ ತೆಗೆದುಕೊಂಡರೆ ಸಾವಿರಕ್ಕೆ 11.9. ಅಂದರೆ ಹಳ್ಳಿಯಲ್ಲಿ ನಗರದ ಎರಡರಷ್ಟು!

ಮಕ್ಕಳೇ, ಇದನ್ನು ಒಂದು ಸುಲಭ ಲೆಕ್ಕವಾಗಿ ಮಾಡೋಣ. ನಿಮ್ಮ ಅಜ್ಜಿಯ ಊರಿನಲ್ಲಿ 2,500 ಜನರಿದ್ದಾರೆ ಎಂದುಕೊಳ್ಳಿ. ಸಾವಿರಕ್ಕೆ 11.9ರಂತೆ ಅಲ್ಲಿ ಸುಮಾರು 30 ಮಂದಿಗೆ ಮೂರ್ಛೆ ರೋಗವಿರಬಹುದು. ಅಷ್ಟೇ ಜನರಿರುವ ನಗರದ ಬಡಾವಣೆಯಲ್ಲಿ ಸುಮಾರು 14 ಮಂದಿಗೆ. ಊರಿನಲ್ಲಿ 30 ಮಂದಿ ಇದ್ದರೂ ನಮಗೆ ಒಬ್ಬಿಬ್ಬರ ಹೆಸರೂ ಗೊತ್ತಿರುವುದಿಲ್ಲ. ಏಕೆಂದರೆ ಮನೆಯವರು ಹೇಳುವುದಿಲ್ಲ.

ಎಲ್ಲ ಸಮೀಕ್ಷೆಗಳಲ್ಲಿಯೂ ಒಂದೇ ಸಂಖ್ಯೆ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಇಂದು ಚಾಮರಾಜನಗರ ಜಿಲ್ಲೆಯಲ್ಲಿರುವ ಯಳಂದೂರಿನಲ್ಲಿ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಸುಮಾರು 65,000 ಜನರ ನಡುವೆ ನಡೆಸಿದ, 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾವಿರಕ್ಕೆ ಸುಮಾರು 4.6 ಎಂಬ ಪ್ರಮಾಣ ಕಂಡುಬಂತು. ಪ್ರಶ್ನೆ ಕೇಳುವ ರೀತಿ, ಯಾವ ಸೆಳವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಬಾಗಿಲಲ್ಲಿ ನಿಂತ ಅಪರಿಚಿತರಿಗೆ ಮನೆಯವರು ಎಷ್ಟು ಹೇಳುತ್ತಾರೆ ಎಂಬುದರ ಮೇಲೆ ಇಂತಹ ಲೆಕ್ಕ ಬದಲಾಗುತ್ತದೆ. ಮದುವೆ ವಯಸ್ಸಿನ ಮಗಳಿರುವ ಮನೆ "ಇಲ್ಲ" ಎಂದುಬಿಟ್ಟರೆ ಲೆಕ್ಕದಲ್ಲಿ ಒಬ್ಬರು ಕಡಿಮೆಯಾದಂತೆ.

ಹಳ್ಳಿಯಲ್ಲೇ ಏಕೆ ಹೆಚ್ಚು?

ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಕಾರಣವೇ ತಿಳಿಯುವುದಿಲ್ಲ. ತಿಳಿದಿರುವ ಕಾರಣಗಳಲ್ಲಿ ಹಲವು ಬಡತನಕ್ಕೂ, ದೂರದ ಆಸ್ಪತ್ರೆಗೂ ಸಂಬಂಧಿಸಿದವು. ಹೆರಿಗೆ ಕಷ್ಟವಾಗಿ ಮಗುವಿನ ಮಿದುಳಿಗೆ ಆಮ್ಲಜನಕ ಸಾಲದೆ ಹೋಗುವುದು, ಮರದಿಂದ ಬಿದ್ದೋ ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದೋ ತಲೆಗೆ ಪೆಟ್ಟಾಗುವುದು, ಮಿದುಳಿನ ಪೊರೆಗೆ ಅಥವಾ ಮಿದುಳಿಗೇ ಸೋಂಕು ತಗಲುವುದು, ಇವೆಲ್ಲ ಮುಂದೆ ಮೂರ್ಛೆ ರೋಗಕ್ಕೆ ದಾರಿಯಾಗುತ್ತವೆ. ಸುಮಾರು ನಾಲ್ಕರಲ್ಲಿ ಒಂದು ಭಾಗದಷ್ಟು ರೋಗವನ್ನು ಮೊದಲೇ ತಡೆಯಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಇನ್ನೊಂದು ಕಾರಣ ಹಂದಿಯ ಲಾಡಿಹುಳು. ಇದರ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. "ನಾವು ಮಾಂಸ ಮುಟ್ಟುವವರಲ್ಲ, ನಮಗೇಕೆ ಬರುತ್ತದೆ?" ಎನ್ನುವವರಿದ್ದಾರೆ. ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಕರುಳಿನಲ್ಲಿ ಹುಳು ಬೆಳೆಯುತ್ತದೆ, ನಿಜ. ಆದರೆ ಆ ಹುಳುವಿನ ಮೊಟ್ಟೆಗಳು ಅವರ ಮಲದ ಮೂಲಕ ಹೊರಬಂದು ಮಣ್ಣು, ನೀರು, ತರಕಾರಿಯನ್ನು ಸೇರುತ್ತವೆ. ತೊಳೆಯದ ಸೊಪ್ಪಿನ ಜೊತೆಗೋ ಕೊಳಕು ಕೈಯಿಂದಲೋ ಆ ಮೊಟ್ಟೆ ಹೊಟ್ಟೆಗೆ ಹೋದರೆ ಮರಿಹುಳು ರಕ್ತದಲ್ಲಿ ಸಾಗಿ ಮಿದುಳಿನಲ್ಲಿ ಗುಳ್ಳೆಯಾಗಿ ಕೂರುತ್ತದೆ. ಆದ್ದರಿಂದ ಸಸ್ಯಾಹಾರಿಗಳಿಗೂ ಇದು ಬರಬಹುದು. ಶೌಚಾಲಯ, ಶುದ್ಧ ನೀರು, ಸೋಪಿನಿಂದ ಕೈ ತೊಳೆಯುವುದು, ತರಕಾರಿಯನ್ನು ಚೆನ್ನಾಗಿ ತೊಳೆಯುವುದು, ಇವೇ ಇದಕ್ಕೆ ತಡೆ.

ಬಿಸಿನೀರ ಸ್ನಾನ ಮತ್ತು ಸೆಳವು

ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಾಣುವ ಒಂದು ವಿಶೇಷ ಬಗೆಯ ಮೂರ್ಛೆಯೂ ಇದೆ. ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗ ಮಾತ್ರ ಕೆಲವರಿಗೆ ಸೆಳವು ಬರುತ್ತದೆ. ಹಂಡೆಯಲ್ಲಿ ಕಾದ ನೀರನ್ನು ಚೊಂಬಿನಲ್ಲಿ ಮೊಗೆದು ಒಂದೇ ಸಮನೆ ನೆತ್ತಿಗೆ ಸುರಿಯುವುದು ನಮ್ಮ ಕಡೆಯ ಎಣ್ಣೆಸ್ನಾನದ ಪದ್ಧತಿ ತಾನೇ? ನಿಮ್ಹಾನ್ಸ್‌ನ ವೈದ್ಯರು ಇಂತಹ 279 ರೋಗಿಗಳ ವಿವರವನ್ನು 1988ರಲ್ಲಿಯೇ ಪ್ರಕಟಿಸಿದ್ದರು. ಯಳಂದೂರಿನಲ್ಲಿ ಲಕ್ಷಕ್ಕೆ 255 ಮಂದಿಗೆ, ಬೆಂಗಳೂರಿನ ಸಮೀಕ್ಷೆಯಲ್ಲಿ ಲಕ್ಷಕ್ಕೆ 60 ಮಂದಿಗೆ ಇದು ಕಂಡುಬಂತು.

ಬಚ್ಚಲುಮನೆಯಲ್ಲಿ ಹೀಗಾದಾಗ ಹಿರಿಯರು ದೆವ್ವವೆಂದೋ ದೃಷ್ಟಿಯೆಂದೋ ಭಾವಿಸುವುದು ಸಹಜ. ಆದರೆ ನೀರಿನ ಬಿಸಿ ತಗ್ಗಿಸಿ, ತಲೆಗೆ ಒಮ್ಮೆಲೇ ಸುರಿಯುವುದನ್ನು ಬಿಟ್ಟರೆ ಅನೇಕರಿಗೆ ಇದು ಕಡಿಮೆಯಾಗುತ್ತದೆ. ಸಾಲದಿದ್ದರೆ ವೈದ್ಯರು ಮಾತ್ರೆ ಕೊಡುತ್ತಾರೆ. ನಿಮ್ಮ ಮಗುವಿಗೆ ತಲೆಸ್ನಾನದ ವೇಳೆ ಹೀಗಾಗಿದ್ದರೆ ಮರೆಯದೆ ವೈದ್ಯರಿಗೆ ಹೇಳಿ.

ಮಾತ್ರೆ ಇದೆ, ತಲುಪುತ್ತಿಲ್ಲ

ಸರಿಯಾಗಿ ಪತ್ತೆ ಮಾಡಿ ಚಿಕಿತ್ಸೆ ಕೊಟ್ಟರೆ ಶೇ. 70ರಷ್ಟು ರೋಗಿಗಳು ಸೆಳವಿಲ್ಲದೆ ಬದುಕಬಲ್ಲರು. ಇದು ನಮಗೆ ಅತ್ಯಂತ ಸಂತೋಷ ಕೊಟ್ಟ ಸಂಗತಿ. ಇದಕ್ಕೆ ದುಬಾರಿ ಔಷಧಿಯೇ ಬೇಕೆಂದಿಲ್ಲ. ಫಿನೋಬಾರ್ಬಿಟೋನ್ ಎಂಬ ಮಾತ್ರೆ 1912ರಿಂದಲೂ ಮೂರ್ಛೆ ರೋಗಕ್ಕೆ ಬಳಕೆಯಲ್ಲಿದೆ. ಯಳಂದೂರಿನ ತಂಡ ಹಳ್ಳಿಯ ರೋಗಿಗಳಿಗೆ ಫಿನೋಬಾರ್ಬಿಟೋನ್ ಅಥವಾ ಫಿನಿಟಾಯಿನ್ ಎಂಬ ಅಗ್ಗದ ಮಾತ್ರೆಗಳನ್ನೇ ಕೊಟ್ಟು ವರ್ಷಗಟ್ಟಲೆ ಗಮನಿಸಿ, ಫಲಿತಾಂಶವನ್ನು 2001ರಲ್ಲಿ ಪ್ರಸಿದ್ಧ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿತು. ಅಗ್ಗದ ಮಾತ್ರೆಯಿಂದಲೂ ಹಳ್ಳಿಯಲ್ಲಿಯೇ ರೋಗವನ್ನು ಹತೋಟಿಗೆ ತರಬಹುದು, ಸೆಳವುಗಳು ಹೆಚ್ಚಾಗುವ ಮೊದಲೇ ಚಿಕಿತ್ಸೆ ಆರಂಭಿಸಿದಷ್ಟೂ ಒಳ್ಳೆಯದು ಎಂಬುದು ಅದರ ಸಾರ. ವರ್ಷಗಟ್ಟಲೆ ಮುಚ್ಚಿಟ್ಟರೆ ಆಗುವ ನಷ್ಟ ಇದೇ.

ಹಾಗಿದ್ದರೂ ಕಡಿಮೆ ಆದಾಯದ ದೇಶಗಳಲ್ಲಿ ನಾಲ್ವರಲ್ಲಿ ಮೂವರು ರೋಗಿಗಳಿಗೆ ಬೇಕಾದ ಚಿಕಿತ್ಸೆ ಸಿಗುತ್ತಿಲ್ಲ. ಭಾರತದ ಅಧ್ಯಯನಗಳಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ನಗರದ ಮಧ್ಯಮ ವರ್ಗದಲ್ಲಿ ಶೇ. 22ರಷ್ಟಿದ್ದರೆ ಕೆಲವು ಹಳ್ಳಿಗಳಲ್ಲಿ ಶೇ. 95ರವರೆಗೂ ಇತ್ತು. ತಜ್ಞ ವೈದ್ಯರು ದೂರ, ಒಂದು ದಿನದ ಕೂಲಿ ಬಿಟ್ಟು ಹೋಗಬೇಕು, ಮಾತ್ರೆ ಮುಗಿದಾಗ ಮತ್ತೆ ಸಿಗುವುದಿಲ್ಲ, ಎರಡು ತಿಂಗಳು ಸೆಳವು ಬರದಿದ್ದರೆ ವಾಸಿಯಾಯಿತೆಂದು ಬಿಟ್ಟುಬಿಡುತ್ತಾರೆ. ಮಾತ್ರೆಯನ್ನು ತಾವಾಗಿಯೇ ಒಮ್ಮೆಲೇ ನಿಲ್ಲಿಸುವುದು ಅಪಾಯ. ಸಾಮಾನ್ಯವಾಗಿ ಎರಡು ವರ್ಷ ಸೆಳವಿಲ್ಲದೆ ಕಳೆದ ಮೇಲೆ, ವೈದ್ಯರು ಪರೀಕ್ಷಿಸಿ, ಮಾತ್ರೆ ನಿಲ್ಲಿಸುವ ಬಗ್ಗೆ ಯೋಚಿಸುತ್ತಾರೆ. ಗರ್ಭಿಣಿಯರೂ ಹೆದರಿ ಬಿಡಬಾರದು. ಮದುವೆಯ ಮೊದಲೇ ವೈದ್ಯರ ಸಲಹೆ ಪಡೆದರೆ ತಕ್ಕ ಔಷಧಿ ಬರೆದುಕೊಡುತ್ತಾರೆ.

ಮದುವೆಯ ಮಾತು

ಮದುವೆ ಎಂದ ಕೂಡಲೆ ಎಲ್ಲರ ಬಾಯಿ ಕಟ್ಟಿಹೋಗುತ್ತದೆ. ಒಂದು ಕಾಲದಲ್ಲಿ ನಮ್ಮ ಕಾನೂನೂ ಹಾಗೆಯೇ ಇತ್ತು. ಹಿಂದೂ ವಿವಾಹ ಕಾಯಿದೆ ಮತ್ತು ವಿಶೇಷ ವಿವಾಹ ಕಾಯಿದೆಗಳಲ್ಲಿ ಮದುವೆಗೆ ಅಡ್ಡಿಯಾಗುವ ಸಂಗತಿಗಳ ಸಾಲಿನಲ್ಲಿ ಮೂರ್ಛೆ ರೋಗವೂ ಸೇರಿತ್ತು. 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಲಾಯಿತು. ಮೂರ್ಛೆ ರೋಗ ಇರುವವರೂ ಇಂದು ಕಾನೂನಿನ ಪ್ರಕಾರ ಎಲ್ಲರಂತೆ ಮದುವೆಯಾಗಬಹುದು. ಕಾನೂನು ಬದಲಾಗಿ ಇಷ್ಟು ವರ್ಷಗಳಾದರೂ ಮನೆಯ ಜಗಲಿಯ ಮಾತು ಬದಲಾಗಿಲ್ಲ.

ಈ ರೋಗ ಇರುವವರು ಏನನ್ನೂ ಸಾಧಿಸಲಾರರು ಎನ್ನುವುದೂ ಸುಳ್ಳು. ಮಕ್ಕಳೇ, ದಕ್ಷಿಣ ಆಫ್ರಿಕಾದ ಜಾಂಟಿ ರೋಡ್ಸ್ ಕ್ಯಾಚ್ ಹಿಡಿಯುವುದನ್ನು ನಿಮ್ಮ ಅಪ್ಪಂದಿರು ಬಾಯಿಬಿಟ್ಟು ನೋಡಿದ್ದಾರೆ, ಕೇಳಿ ನೋಡಿ! ಅವರಿಗೆ ಮೂರ್ಛೆ ರೋಗವಿತ್ತು. ಇಂಗ್ಲೆಂಡ್ ತಂಡದ ನಾಯಕರಾಗಿದ್ದ ಟೋನಿ ಗ್ರೆಗ್, ರಷ್ಯಾದ ಮಹಾನ್ ಕಾದಂಬರಿಕಾರ ದಾಸ್ತೊಯೆವ್ಸ್ಕಿ ಅವರಿಗೂ ಇತ್ತು.

ಕಣ್ಣೆದುರು ಯಾರಾದರೂ ಬಿದ್ದರೆ

ಇದನ್ನು ಎಲ್ಲ ಮಕ್ಕಳೂ ಬಾಯಿಪಾಠ ಮಾಡಿಕೊಳ್ಳಬೇಕು.

1. ಹೆದರಿ ಓಡಬೇಡಿ. ಗುಂಪು ಚದುರಿಸಿ, ಗಾಳಿಯಾಡಲು ಬಿಡಿ.
2. ಕಲ್ಲು, ಬೆಂಚು, ಒಲೆಯಂತಹ ಪೆಟ್ಟಾಗುವ ವಸ್ತುಗಳನ್ನು ಪಕ್ಕಕ್ಕೆ ಸರಿಸಿ. ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ. ಕೊರಳ ಬಳಿಯ ಟೈ, ಗುಂಡಿ ಸಡಿಲಿಸಿ.
3. ಮಗ್ಗುಲಿಗೆ ಹೊರಳಿಸಿ. ಜೊಲ್ಲು ಹೊರಗೆ ಹರಿದು ಉಸಿರು ಸರಾಗವಾಗುತ್ತದೆ.
4. ಗಡಿಯಾರ ನೋಡಿ. ಹೆಚ್ಚಿನ ಸೆಳವುಗಳು ಎರಡು ಮೂರು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುತ್ತವೆ.
5. ಕೈಕಾಲು ಬಿಗಿಯಾಗಿ ಹಿಡಿಯಬೇಡಿ. ಬಾಯಿಗೆ ಚಮಚ, ಬಟ್ಟೆ, ಬೆರಳು ಹಾಕಬೇಡಿ. ಪೂರ್ತಿ ಎಚ್ಚರವಾಗುವ ತನಕ ನೀರು, ಮಾತ್ರೆ ಕೊಡಬೇಡಿ.
6. ಕಬ್ಬಿಣ, ಬೀಗದ ಕೈ, ಈರುಳ್ಳಿ, ಚಪ್ಪಲಿ ಇವುಗಳಿಂದ ಸೆಳವು ನಿಲ್ಲುವುದಿಲ್ಲ. ಕೀಲಿ ಹುಡುಕುವಷ್ಟರಲ್ಲಿ ಸೆಳವು ತಾನಾಗಿಯೇ ನಿಲ್ಲುವುದರಿಂದ ಕೀಲಿಗೆ ಹೆಸರು ಬಂದಿದೆ.
7. ಐದು ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೆ ಮತ್ತೆ ಬಂದರೆ, ಪೆಟ್ಟಾಗಿದ್ದರೆ, ನೀರಿನಲ್ಲಿ ಆಗಿದ್ದರೆ, ಗರ್ಭಿಣಿಯಾಗಿದ್ದರೆ ಅಥವಾ ಜೀವನದಲ್ಲಿ ಮೊದಲ ಸಲ ಬಂದಿದ್ದರೆ ತಕ್ಷಣ ಆಂಬ್ಯುಲೆನ್ಸ್ ಕರೆಯಿರಿ.
8. ಎಚ್ಚರವಾದಾಗ ಪಕ್ಕದಲ್ಲಿರಿ, ಸಮಾಧಾನವಾಗಿ ಮಾತನಾಡಿಸಿ. ಮೈಲಿಗೆ ಅಂಟುವಂತಹ ರೋಗ ಇದಲ್ಲ, ಮುಟ್ಟಿದರೆ ಬರುವುದೂ ಇಲ್ಲ.

ರಜೆಗೆ ಊರಿಗೆ ಹೋಗುವವರಲ್ಲಿ ವಿನಂತಿ

ನಾವು ಕೊಲ್ಲಿ ದೇಶದಲ್ಲಿ ದುಡಿದು ಊರಿಗೆ ಹಣ ಕಳಿಸುತ್ತೇವೆ. ಮನೆ ಕಟ್ಟಿಸುತ್ತೇವೆ, ಜಾತ್ರೆಗೆ ಚಂದಾ ಕೊಡುತ್ತೇವೆ. ಊರಿನಲ್ಲಿ ನಮ್ಮ ಮಾತಿಗೆ ಸ್ವಲ್ಪ ಬೆಲೆಯೂ ಇದೆ. ಅದನ್ನು ಇದಕ್ಕೂ ಬಳಸೋಣ. ಮನೆಯಲ್ಲಿ, ನೆರೆಯಲ್ಲಿ ಯಾರಿಗಾದರೂ ಸೆಳವು ಬರುತ್ತಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಜೊತೆಯಲ್ಲಿ ಕರೆದುಕೊಂಡು ಹೋಗಿ. ಸೆಳವು ಬಂದಾಗ ಮೊಬೈಲಿನಲ್ಲಿ ತೆಗೆದ ಚಿಕ್ಕ ವಿಡಿಯೋ ಇದ್ದರೆ ವೈದ್ಯರಿಗೆ ತುಂಬ ಸಹಾಯ. ಹರಕೆ ತೀರಿಸುವುದಿದ್ದರೆ ತೀರಿಸಲಿ, ಅದಕ್ಕೆ ಅಡ್ಡಿಯಿಲ್ಲ, ಮಾತ್ರೆ ಮಾತ್ರ ತಪ್ಪದಿರಲಿ. ಮಕ್ಕಳಿಗೆ ಬರೆ ಹಾಕಿಸಲು ಯಾರೇ ಹೇಳಿದರೂ ಬಿಡಬೇಡಿ. ಹತೋಟಿಗೆ ಬರುವ ತನಕ ಕೆರೆ, ಬಾವಿ, ಒಲೆಯ ಬಳಿ ಅವರನ್ನು ಒಂಟಿಯಾಗಿ ಬಿಡಬಾರದು.

ಇನ್ನೊಂದು ಮಾತು. ಊರಿನಿಂದ ಇಲ್ಲಿಗೆ ಮಾತ್ರೆ ತರುವವರು ಎಚ್ಚರವಾಗಿರಿ. ಕೆಲವು ಫಿಟ್ಸ್ ಮಾತ್ರೆಗಳು ಕೊಲ್ಲಿ ದೇಶಗಳಲ್ಲಿ ನಿಯಂತ್ರಿತ ಔಷಧಿಗಳ ಪಟ್ಟಿಯಲ್ಲಿವೆ. ಹೊರಡುವ ಮೊದಲೇ ಇಲ್ಲಿನ ನಿಯಮ ವಿಚಾರಿಸಿ, ವೈದ್ಯರ ಚೀಟಿ ಜೊತೆಯಲ್ಲಿಟ್ಟುಕೊಳ್ಳಿ.

ಮಗುವಿಗೆ ಈ ತೊಂದರೆಯಿದ್ದರೆ ಶಾಲೆಗೆ ತಿಳಿಸಿ. ಹಳ್ಳಿಯವರು ಮುಚ್ಚಿಡುತ್ತಾರೆಂದು ಹೇಳುವ ನಾವೂ ಪ್ರವೇಶದ ಅರ್ಜಿಯಲ್ಲಿ ಆ ಸಾಲನ್ನು ಖಾಲಿ ಬಿಟ್ಟರೆ ನಮಗೂ ಅವರಿಗೂ ಏನು ವ್ಯತ್ಯಾಸ? ಅಂದು ನಮಗೆ ಮೊದಲೇ ತಿಳಿದಿದ್ದರೆ ಯಾರೂ ಬೀಗದ ಕೈ ಹುಡುಕುತ್ತಿರಲಿಲ್ಲ.

ಹಾಸನದ ಕಡೆಯ ಆ ತಾಯಿ ರಜೆ ಮುಗಿಸಿ ಬಂದ ಮೇಲೆ ನಮ್ಮನ್ನು ಕಂಡರು. ಅತ್ತೆಯನ್ನು ಒಪ್ಪಿಸಲು ಹದಿನೈದು ದಿನ ಬೇಕಾಯಿತಂತೆ. ಕೊನೆಗೆ ಅತ್ತೆಯೇ ಮಗಳ ಜೊತೆ ಬಸ್ಸು ಹತ್ತಿದರಂತೆ. ಮಾತ್ರೆ ಶುರುವಾಗಿ ಐದು ತಿಂಗಳಾಯಿತು. ನಡುವೆ ಜಾತ್ರೆಯ ಗಲಾಟೆಯಲ್ಲಿ ಎರಡು ದಿನ ಮಾತ್ರೆ ಮರೆತಾಗ ಒಮ್ಮೆ ಬಂದಿತ್ತು, ಮತ್ತೆ ಬಂದಿಲ್ಲ. ಹುಡುಗಿ ಈಗ ಹೊಲಿಗೆ ತರಗತಿಗೆ ಹೋಗುತ್ತಿದ್ದಾಳೆ. "ಪತ್ರಿಕೆಯಲ್ಲಿ ಬರೀರಿ ಮಿಸ್, ಹೆಸರು ಮಾತ್ರ ಹಾಕಬೇಡಿ" ಎಂದರು. ಹಾಕಿಲ್ಲ. ಹೆಸರು ಹಾಕಿದರೂ ಯಾರೂ ಹೆದರಬೇಕಿಲ್ಲದ ದಿನ ಬೇಗ ಬರಲಿ ಎಂದು ಹಾರೈಸುತ್ತೇವೆ.